ಮೈಫರ್ಡ್ ಎಂಎಲ್7 ಹಳೇ ಲೇತ್: ಬಿಚ್ಚಿ ಜೋಡಿಸಿ ವರ್ಷಗಟ್ಲೆ ಓಡಿಸಿದ ಮೇಲೆ ಬರೀತಿರೋ ರಿವ್ಯೂ

ಹಳೇ ಲೇತ್ (ಲೋಹದ ತುಂಡನ್ನ ತಿರುಗಿಸ್ತಾ ಕೆತ್ತಿ ಆಕಾರ ಕೊಡೋ ಮೆಷಿನ್) ಕೈಗೆ ಬಂದ ತಕ್ಷಣ ಎಲ್ಲರಿಗೂ ಮೊದಲು ಅನ್ಸೋದು ಪೂರ್ತಿ ಬಿಚ್ಚಿ ಹೊಸ ಪೇಂಟ್ ಹೊಡೀಬೇಕು ಅಂತ. ದಯವಿಟ್ಟು ಆ ಕೆಲಸ ಕೊನೆಗೆ ಇಟ್ಕೊಳ್ಳಿ. ಹಳೇ ಪೇಂಟಲ್ಲಿ ಸೀಸ ಇರಬಹುದು, ಒಣಗಿದ್ದಾಗಲೇ ಎಮರಿ ಹಾಕಿ ಉಜ್ಜಿದ್ರೆ ಆ ಧೂಳು ನೇರ ನಿಮ್ಮ ಎದೆಗೇ ಹೋಗುತ್ತೆ. ಅದಕ್ಕಿಂತ ದೊಡ್ಡ ಕಾರಣ ಅಂದ್ರೆ, ಬಿಚ್ಚಿದ ಮೇಲೆ ಮೆಷಿನ್ ಎಲ್ಲಿ ಎಷ್ಟು ಸವೆದಿತ್ತು ಅಂತ ಗೊತ್ತಾಗೋ ದಾರಿನೇ ಹೋಗ್ಬಿಡುತ್ತೆ. ಅದಕ್ಕೇ ಮೊದಲು ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಲ್ಲಿ ತೋರಿಸೋ ಅಳತೆ ಸಾಧನ) ತಗೊಳ್ಳಿ, ಸ್ಪ್ಯಾನರ್ ಆಮೇಲೆ.

ಈ ಲೇತ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ರದ ಬೀಸ್ಟನ್‌ನಲ್ಲಿ ತಯಾರಾಗ್ತಿದ್ದದ್ದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಮಾಡೆಲ್. ಸೆಂಟರ್ ಹೈಟ್ (ಬೆಡ್ಡಿಂದ ಸ್ಪಿಂಡಲ್ ನಡುವಿನವರೆಗಿನ ಎತ್ತರ) ಮೂರೂವರೆ ಇಂಚು, ಚಪ್ಪಟೆ ಬೆಡ್ (ಎಲ್ಲಾ ಭಾಗ ಕೂರೋ ಉದ್ದನೆ ತಳ), ಸ್ಪಿಂಡಲ್ ಅನ್ನೋ ತಿರುಗೋ ಶಾಫ್ಟ್ ಇರೋ ಹೆಡ್‌ಸ್ಟಾಕಲ್ಲಿ ವೈಟ್ ಮೆಟಲ್ (ಮೆತ್ತನೆ ಮಿಶ್ರಲೋಹ) ಬೇರಿಂಗ್, ವೇಗ ಇಳಿಸೋ ಬ್ಯಾಕ್ ಗೇರ್ ಸೇರಿ 6 ಸ್ಪೀಡು. ಕಲಿಯೋರಿಗೆ ಇದು ಯಾಕೆ ಇಷ್ಟು ಚೆನ್ನಾಗಿ ಒಗ್ಗುತ್ತೆ ಅಂದ್ರೆ ಇದ್ರಲ್ಲಿ ಸವೆಯೋ ಜಾಗ ಎಲ್ಲಾ ಕಣ್ಣಿಗೆ ಕಾಣುತ್ತೆ, ಗೇಜಿಗೆ ಸಿಗುತ್ತೆ, ಬಹುತೇಕ ಎಲ್ಲದಕ್ಕೂ ಸರಿ ಮಾಡೋಕೆ ಒಂದು ಸ್ಕ್ರೂನೋ ಶಿಮ್ಮೋ (ಸಂದಿಗೆ ಇಡೋ ತೆಳು ಲೋಹದ ಹಾಳೆ) ಇದ್ದೇ ಇರುತ್ತೆ.

ಸ್ಪಿಂಡಲ್ ಪ್ಲೇ (ಸಡಿಲ ಎಷ್ಟಿದೆ ಅಂತ) ನೋಡೋದು ಹೀಗೆ: ಚಕ್ಕಲ್ಲಿ (ಸ್ಪಿಂಡಲ್ ತುದೀಲಿ ಕೆಲಸದ ತುಂಡನ್ನ ಹಿಡಿಯೋ ಭಾಗ) ಒಂದು ರಾಡ್ ಹಿಡಿಸಿ, ಡಯಲ್ ಗೇಜಿನ ಮೂತಿನ ಸ್ಪಿಂಡಲ್ಲಿಗೇ ತಾಗಿಸಿ, ರಾಡನ್ನ ಕೈಯಲ್ಲಿ ಮೇಲಕ್ಕೆತ್ತಿ ಕೆಳಗೆ ಒತ್ತಿ. ನಂದ್ರಲ್ಲಿ ಮುಳ್ಳು ಚೆನ್ನಾಗೇ ಆಡ್ತಿತ್ತು. ಬೇರಿಂಗ್ ಕ್ಯಾಪ್ ಕೆಳಗೆ ಪದರ ಪದರವಾಗಿ ಸುಲಿಯೋ ಶಿಮ್ ಇರುತ್ತೆ, ಒಂದೊಂದೇ ಪದರ ತೆಗೆದು, ಕ್ಯಾಪ್ ಟೈಟ್ ಮಾಡಿ, ಕೈಯಲ್ಲಿ ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಓಡಿಸಿ ಬಿಸಿ ಆಗುತ್ತಾ ಅಂತ ಮುಟ್ಟಿ ನೋಡಿ ಮತ್ತೆ ಅಳೀಬೇಕು. ನಿಧಾನದ ಕೆಲಸ, ಆದ್ರೆ ಇದಾದ ಮೇಲೆ ಫಿನಿಶಿಂಗ್ ಪೂರ್ತಿ ಬದಲಾಯ್ತು.

ಬೆಡ್ ಸವೆತ ಹೆಚ್ಚಾಗಿ ಚಕ್ ಪಕ್ಕದಲ್ಲೇ ಇರುತ್ತೆ, ಕೆಲಸ ಎಲ್ಲಾ ನಡೆಯೋದು ಅಲ್ಲೇ ತಾನೆ. ಸ್ಯಾಡಲ್ಲನ್ನ (ಟೂಲ್ ಹೊತ್ತು ಬೆಡ್ ಮೇಲೆ ಓಡಾಡೋ ಭಾಗ) ಅಲ್ಲಿ ಇಟ್ಟು ಗಿಬ್ (ಅದರ ಸಡಿಲ ಸರಿ ಮಾಡೋ ಪಟ್ಟಿ) ಟೈಟ್ ಮಾಡಿ, ಆಮೇಲೆ ಟೇಲ್‌ಸ್ಟಾಕ್ (ಬೆಡ್ಡಿನ ಇನ್ನೊಂದು ತುದಿಯ ಆಧಾರ) ಕಡೆಗೆ ಓಡಿಸಿ. ನಡುವೆ ಎಲ್ಲೋ ಬಿಗಿಯಾಗಿ ನಿಂತ್ರೆ ಬೆಡ್ ಒಂದೇ ಸಮ ಇಲ್ಲ ಅಂತ ಅರ್ಥ. ಕೊಳ್ಳೋಕೆ ಮುಂಚೆನೇ ಇದನ್ನ ಮಾಡಿ ನೋಡಿ, ಜೊತೆಗೆ ಸ್ಪಿಂಡಲ್ ಮೇಲಿರೋ ದೊಡ್ಡ ಗೇರಿನ ಹಲ್ಲು ಒಂದು ಸುತ್ತು ಪೂರ್ತಿ ನೋಡಿ. ಈ ಮಾಡೆಲ್ಲಲ್ಲಿ ಚಕ್ ಥ್ರೆಡ್ಡಿಂದ ಕೂರೋದು, ಅದು ಗಟ್ಟಿಯಾಗಿ ಕಚ್ಕೊಂಡಾಗ ಬ್ಯಾಕ್ ಗೇರ್ ಲಾಕ್ ಮಾಡಿ ಜಗ್ಗೋರು ತುಂಬಾ ಜನ, ಹಾಗೆ ಜಗ್ಗಿದ್ರೆ ಆ ಹಲ್ಲೇ ಮುರಿಯೋದು. ಥ್ರೆಡ್ ಚಕ್ ಅಂದ್ಮೇಲೆ ರಿವರ್ಸಲ್ಲಿ ಕಟಿಂಗ್ ಮಾಡೋದೂ ಬೇಡ, ಚಕ್ ಬಿಚ್ಕೊಂಡು ಬರಬಹುದು.

ಇನ್ನು ಲೆವೆಲ್ಲು. ಸ್ಟ್ಯಾಂಡಿಗೆ ಬೋಲ್ಟ್ ಬಿಗಿಯೋವಾಗ ಬೆಡ್ ಕಣ್ಣಿಗೆ ಕಾಣದಷ್ಟು ತಿರುಚುತ್ತೆ. ಒಂದು ದಪ್ಪ ರಾಡನ್ನ ಚಕ್ಕಲ್ಲಿ ಹಿಡಿಸಿ, ಟೇಲ್‌ಸ್ಟಾಕ್ ಇಲ್ಲದೆ ಎರಡು ಕಡೆ ತೆಳುವಾಗಿ ಒಂದೇ ಕಟ್ ಹೊಡೆದು ಮೈಕ್ರೋಮೀಟರಲ್ಲಿ ಅಳೀರಿ. ಎರಡೂ ಅಳತೆ ಸರಿ ಹೋಗೋವರೆಗೂ ಟೇಲ್‌ಸ್ಟಾಕ್ ಕಡೆ ಕಾಲಿನ ಕೆಳಗೆ ಶಿಮ್ ಹಾಕ್ತಾ ಹೋಗಿ. ಮೆಷಿನ್ ಸವೆದೋಗಿದೆ ಅಂತ ಬೈಸ್ಕೊಳ್ಳೋ ಎಷ್ಟೋ ಲೇತುಗಳು ಈ ಒಂದು ಕೆಲಸಕ್ಕೆ ಸರಿ ಹೋಗ್ತಾವೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಟೂಲ್ ವಿಷಯಕ್ಕೆ ಬಂದ್ರೆ ಕಾರ್ಬೈಡ್ ಆಸೆ ಬಿಡಿ, ಹೈಸ್ಪೀಡ್ ಸ್ಟೀಲ್ ತಗೊಂಡು ಗ್ರೈಂಡಿಂಗ್ ಕಲೀರಿ. ಲೆಕ್ಕ ಸುಲಭ: 25 ಮಿಲಿಮೀಟರ್ ಮೈಲ್ಡ್ ಸ್ಟೀಲ್ ರಾಡಿಗೆ ಇದ್ರ ಟಾಪ್ ಸ್ಪೀಡ್, ನಿಮಿಷಕ್ಕೆ 640 ಸುತ್ತು, ಹಾಕಿದ್ರೂ ಮೇಲ್ಮೈ ವೇಗ ನಿಮಿಷಕ್ಕೆ 50 ಮೀಟರ್ ಅಷ್ಟೇ, ಕಾರ್ಬೈಡ್ ಒಳ್ಳೆ ಫಿನಿಶಿಂಗ್ ಕೊಡೋಕೆ ಅದಕ್ಕಿಂತ ಎಷ್ಟೋ ಜಾಸ್ತಿ ಕೇಳುತ್ತೆ. ಅದೇ 357 ಸುತ್ತಿಗೆ ಬೆಲ್ಟ್ ಹಾಕಿದ್ರೆ ಸುಮಾರು 28 ಮೀಟರ್, ಹೈಸ್ಪೀಡ್ ಸ್ಟೀಲಿಗೆ ಹೇಳಿ ಮಾಡಿಸಿದ ವೇಗ.

ಮೇಂಟೆನೆನ್ಸ್ ಅಂದ್ರೆ ಎಣ್ಣೆ, ಎಣ್ಣೆ, ಎಣ್ಣೆ. ಹೆಡ್‌ಸ್ಟಾಕ್ ಮೇಲಿನ ಡ್ರಿಪ್ ಆಯಿಲರ್ ತೆರೆದು ತೊಟ್ಟಿಕ್ತಿದೆಯಾ ಅಂತ ನೋಡದೆ ನಾನು ಮೋಟಾರ್ ಸ್ವಿಚ್ ಹಾಕಲ್ಲ, ಮುಗಿದ ಮೇಲೆ ಮುಚ್ತೀನಿ. ಅಲ್ಲಿಗೆ 32 ಗ್ರೇಡ್ ಹೈಡ್ರಾಲಿಕ್ ಆಯಿಲ್, ಬೆಡ್ಡಿಗೆ 68 ಗ್ರೇಡ್ ಸ್ಲೈಡ್‌ವೇ ಆಯಿಲ್. ಗ್ರೀಸ್ ಬಳಿಯೋದು ಬೇಡವೇ ಬೇಡ, ಲೋಹದ ಪುಡಿ ಅದಕ್ಕೆ ಅಂಟಿ ಅಲ್ಲೇ ಕೂತು ಬೆಡ್ಡನ್ನ ಉಜ್ತಾ ಇರುತ್ತೆ. ಎಮರಿ ಪೇಪರ್ ಹಿಡಿಯೋವಾಗ್ಲೂ ಬೆಡ್ ಮೇಲೆ ಏನಾದ್ರೂ ಮುಚ್ಚಿ. ಗ್ಲೌಸ್ ಹಾಕ್ಕೊಂಡು ತಿರುಗೋ ಚಕ್ ಹತ್ರ ಹೋಗ್ಬೇಡಿ, ಚಕ್ ಕೀಯನ್ನ ಚಕ್ಕಲ್ಲಿ ಬಿಟ್ಟು ಕೈ ತೆಗೀಬೇಡಿ.

ಬೇಜಾರು ಇಲ್ವಾ ಅಂದ್ರೆ ಇದೆ. ನಂದು ಗೇರ್‌ಬಾಕ್ಸ್ ಇಲ್ಲದ್ದು, ಒಂದೊಂದು ಥ್ರೆಡ್ಡಿಗೂ ಗೇರ್ ಬಿಚ್ಚಿ ಹಾಕ್ಬೇಕು. ಲೀಡ್ ಸ್ಕ್ರೂ (ಥ್ರೆಡ್ ಹಾಕೋವಾಗ ಸ್ಯಾಡಲ್ಲನ್ನ ಎಳೆಯೋ ಉದ್ದ ಸ್ಕ್ರೂ) ಇಂಚಿನದ್ದು, ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬೇಕಂದ್ರೆ 127 ಹಲ್ಲಿನ ಗೇರ್ ಹುಡುಕ್ಬೇಕು. ಪಾರ್ಟಿಂಗ್ ಆಫ್ (ತುಂಡನ್ನ ರಾಡಿಂದ ಕತ್ತರಿಸಿ ಬೇರೆ ಮಾಡೋದು) ಮಾಡೋವಾಗ ಮೆಷಿನ್ ಗಡಗಡ ನಡುಗುತ್ತೆ, ಹಿಂದುಗಡೆ ಟೂಲ್ ಪೋಸ್ಟ್ ಕೂರಿಸಿ ಟೂಲನ್ನ ತಲೆಕೆಳಗು ಹಾಕಿದ ಮೇಲೆ ಅದು ತುಂಬಾ ಕಮ್ಮಿ ಆಯ್ತು.

ಬಾಕಿ ಇರೋದು ಸ್ಯಾಡಲ್ ಅಡ್ಡಡ್ಡ ಅಲುಗಾಡೋದು. ಬೆಡ್ಡಿನ ಮುಂದಿನ ಹಳಿ ಸವೆದಿದ್ರೂ ಹಿಂದಿನ ಹಳಿಯ ಹೊರಮುಖವನ್ನ ಈ ಮೆಷಿನ್ ಯಾವತ್ತೂ ಬಳಸಿರಲ್ಲ, ಸ್ಯಾಡಲ್ ಕೆಳಗೆ ಒಂದು ಪಟ್ಟಿ ಕೂರಿಸಿದ್ರೆ ಅದೇ ಮುಖಕ್ಕೆ ಒರಗಿ ಓಡುತ್ತೆ, ಬೆಡ್ ಗ್ರೈಂಡಿಂಗಿಗೆ ಕೊಡೋದೇ ಬೇಡ. ಪಟ್ಟಿ ತಯಾರಾಗಿದೆ, ದಪ್ಪ ಇನ್ನೊಂದು ಚೂರು ಕಮ್ಮಿ ಮಾಡ್ಬೇಕು.