ತ್ರೀ ಫೇಸ್ ಗರಗಸ, ಸಿಂಗಲ್ ಫೇಸ್ ಮನೆ: ಮೂರು ಜೋಡಣೆಗಳ ಹೋಲಿಕೆ

ಕುಮಟೆಯಲ್ಲಿ ಪೀಠೋಪಕರಣದ ಅಂಗಡಿಯೊಂದು ಮುಚ್ಚಿದಾಗ ಅಲ್ಲಿದ್ದ ಹನ್ನೆರಡು ಇಂಚು ಬ್ಲೇಡಿನ ಹಳೆಯ ಟೇಬಲ್ ಸಾ ಯಂತ್ರವನ್ನು ಕೊಂಡು, ದೇವಿಮನೆ ಘಟ್ಟ ಹತ್ತಿಸಿ, ಶಿರಸಿ ಸಮೀಪದ ನಮ್ಮ ಮನೆಯ ಕೊಟ್ಟಿಗೆಗೆ ತಂದೆ. ಎರಕದ ಕಬ್ಬಿಣದ ಮೇಜು ಸಮತಟ್ಟಾಗಿತ್ತು, ಬೇರಿಂಗುಗಳಲ್ಲಿ ಸದ್ದಿರಲಿಲ್ಲ. ಆದರೆ ಮೋಟಾರು 2 ಎಚ್‌ಪಿ, 415 ವೋಲ್ಟಿನ ತ್ರೀ ಫೇಸ್. ನಮ್ಮ ಮನೆಗೆ ಬರುವುದು 230 ವೋಲ್ಟಿನ ಸಿಂಗಲ್ ಫೇಸ್. ಕಳೆದ ಎರಡು ವರ್ಷಗಳಲ್ಲಿ ಇದೇ ಗರಗಸವನ್ನು ಮೂರು ಬಗೆಯ ಜೋಡಣೆಗಳಲ್ಲಿ ಓಡಿಸಿ ನೋಡಿದ್ದೇನೆ. ಪ್ರತಿ ಸಲವೂ ಒಂದೂವರೆ ಇಂಚು ದಪ್ಪದ ಹಲಸಿನ ಹಲಗೆಯನ್ನೂ ಅದೇ ದಪ್ಪದ ಮತ್ತಿಯ ಹಲಗೆಯನ್ನೂ ಉದ್ದಕ್ಕೆ ಸೀಳಿ, ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟನ್ನು ಅಳೆದು ಬರೆದಿಟ್ಟುಕೊಂಡೆ.

ಹೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ ಪಡೆಯುವುದು ಎಲ್ಲಕ್ಕಿಂತ ನೇರವಾದ ದಾರಿ. ದಿನವಿಡೀ ಯಂತ್ರ ಓಡಿಸುವವರು ಬೇರೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ನಮ್ಮ ಮನೆಗೆ ತೋಟ ದಾಟಿ ಬರುವ ಲೈನಿನಲ್ಲಿ ಒಂದೇ ಫೇಸ್ ಇರುವುದರಿಂದಲೂ ನನ್ನ ಕೆಲಸ ವಾರಕ್ಕೆ ಎರಡು ದಿನದ್ದಾದ್ದರಿಂದಲೂ ಅದನ್ನು ಕೈಬಿಟ್ಟೆ.

ಮೊದಲು ಮೋಟಾರನ್ನು ಶಿರಸಿಯ ರಿವೈಂಡಿಂಗ್ ಅಂಗಡಿಗೆ ಒಯ್ದೆ. "ಮೊದ್ಲು ಡಬ್ಬಿ ಬಿಚ್ಚಿ ನೋಡೋಣ ಅಣ್ಣಾ, ಆರು ತುದಿ ಇದ್ರೆ ನಿಮ್ಮ ಪುಣ್ಯ" ಎಂದರು ಅಂಗಡಿಯವರು. ಮೋಟಾರಿನ ತಂತಿಗಳು ಹೊರಬರುವ ಆ ಡಬ್ಬಿಯಲ್ಲಿ ಮೂರು ವೈಂಡಿಂಗುಗಳ (ತಂತಿ ಸುರುಳಿಗಳ) ಆರೂ ತುದಿಗಳಿದ್ದವು, ಅವನ್ನು ಕೂಡಿಸುವ ಹಿತ್ತಾಳೆಯ ಪಟ್ಟಿಗಳು ಸ್ಟಾರ್ ಜೋಡಣೆಯಲ್ಲಿದ್ದವು, ಅಂದರೆ ಮೂರರ ಒಂದೊಂದು ತುದಿ ಒಂದೇ ಗಂಟಿಗೆ ಸೇರಿತ್ತು. 415 ವೋಲ್ಟನ್ನು ಸ್ಟಾರ್‌ಗೆ ಕೊಟ್ಟಾಗ ಪ್ರತಿಯೊಂದು ವೈಂಡಿಂಗಿಗೆ ಸಿಗುವುದು ಅದನ್ನು 1.73ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 240 ವೋಲ್ಟ್. ಅದೇ ಮೋಟಾರನ್ನು, ವೈಂಡಿಂಗುಗಳನ್ನು ತುದಿಗೆ ತುದಿ ಸೇರಿಸಿ ತ್ರಿಕೋನವಾಗಿಸುವ ಡೆಲ್ಟಾಕ್ಕೆ ಬದಲಿಸಿ 230 ವೋಲ್ಟ್ ಕೊಟ್ಟರೆ ವೈಂಡಿಂಗಿಗೆ ಹೆಚ್ಚುಕಡಿಮೆ ಅಷ್ಟೇ ವೋಲ್ಟೇಜ್ ಸಿಗುತ್ತದೆ. ಕರೆಂಟು ಮಾತ್ರ ಮೂರೂವರೆ ಆಂಪಿಯರಿನಿಂದ ಆರಕ್ಕೆ ಏರುತ್ತದೆ. ತುದಿಗಳ ಮೇಲಿನ ಗುರುತು ನೋಡಿ ಪಟ್ಟಿಗಳನ್ನು ಯು1–ಡಬ್ಲ್ಯು2, ವಿ1–ಯು2, ಡಬ್ಲ್ಯು1–ವಿ2 ಎಂದು ಕೂಡಿಸಿದರೆ ಡೆಲ್ಟಾ ಆಯಿತು. ಮೂರೇ ತುದಿಗಳು ಹೊರಬಂದಿರುವ ಮೋಟಾರಾದರೆ ಒಳಗಿನ ಸ್ಟಾರ್ ಗಂಟನ್ನು ಹುಡುಕಿ ಬಿಡಿಸಬೇಕಾಗುತ್ತದೆ, ಅದು ರಿವೈಂಡಿಂಗ್ ಬಲ್ಲವರ ಕೈಯಲ್ಲೇ ಆಗಬೇಕು. ಹಳೆಯ ಯಂತ್ರ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಈ ಡಬ್ಬಿಯ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು.

ಮೊದಲ ಪ್ರಯೋಗ ಕಂಡೆನ್ಸರಿನದು. ಡೆಲ್ಟಾ ಜೋಡಣೆಯ ಎರಡು ತುದಿಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಕೊಟ್ಟು, ಮೂರನೆಯ ತುದಿಗೆ ಕಂಡೆನ್ಸರಿನ ಮೂಲಕ ಸರಿದ ಫೇಸನ್ನು ಒದಗಿಸುವ ಈ ಪದ್ಧತಿಯಲ್ಲಿ, ಪ್ರತಿ ಕಿಲೋವಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ (ಕಂಡೆನ್ಸರಿನ ಧಾರಣಶಕ್ತಿಯ ಅಳತೆ) ಎಂಬುದು ರೂಢಿಯ ಲೆಕ್ಕ. ನನ್ನ ಒಂದೂವರೆ ಕಿಲೋವಾಟ್ ಮೋಟಾರಿಗೆ 440 ವೋಲ್ಟ್ ತಾಳುವ 100 ಮೈಕ್ರೋಫ್ಯಾರಡನ್ನೂ, ಶುರುವಾಗುವ ಒಂದೆರಡು ಸೆಕೆಂಡಿಗೆ ಮಾತ್ರ ಒತ್ತುಗುಂಡಿಯ ಮೂಲಕ ಇನ್ನೂ 200ನ್ನೂ ಜೋಡಿಸಿದೆವು. ಖರ್ಚು ಮೂರರಲ್ಲಿ ಅತ್ಯಂತ ಕಡಿಮೆ. ಹಲಸನ್ನು ನಿಧಾನವಾಗಿ ದೂಡಿದರೆ ಸೀಳುತ್ತಿತ್ತು. ಮತ್ತಿಯ ಅರ್ಧದಲ್ಲಿ ಬ್ಲೇಡಿನ ವೇಗ ಕಿವಿಗೆ ತಿಳಿಯುವಷ್ಟು ಕುಸಿಯುತ್ತಿತ್ತು. ಅದಕ್ಕಿಂತ ನನ್ನನ್ನು ಚಿಂತೆಗೀಡುಮಾಡಿದ್ದು ಖಾಲಿ ಓಟದ ಕರೆಂಟು. ಕಂಡೆನ್ಸರಿನ ಎಳೆಯಲ್ಲಿ ಏಳಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತಿತ್ತು, ಮೋಟಾರಿಗೆ ಸಲ್ಲುವುದು ಆರು. ಟೇಬಲ್ ಸಾ ಕೊಯ್ಯುವುದಕ್ಕಿಂತ ಖಾಲಿ ತಿರುಗುವುದೇ ಹೆಚ್ಚು, ಹಾಗಾಗಿ ಕೆಲಸವೇ ಇಲ್ಲದ ಹೊತ್ತಿನಲ್ಲಿ ಮೋಟಾರು ಬಿಸಿಯಾಗುತ್ತಿತ್ತು. ಕಂಡೆನ್ಸರನ್ನು 60ಕ್ಕೆ ಇಳಿಸಿದರೆ ಕಾವು ತಗ್ಗುತ್ತಿತ್ತು, ಜೊತೆಗೆ ಕೊಯ್ಯುವ ಶಕ್ತಿಯೂ ತಗ್ಗುತ್ತಿತ್ತು. ಪಂಪಿನಂತೆ ಒಂದೇ ಭಾರದಲ್ಲಿ ಓಡುವ ಯಂತ್ರಕ್ಕೆ ಈ ಉಪಾಯ ಹೊಂದಬಹುದು. ಗರಗಸಕ್ಕೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದಾಗಿ ಮೋಟಾರನ್ನೇ ಬದಲಿಸಿ ಕಂಡೆನ್ಸರ್ ಸ್ಟಾರ್ಟ್, ಕಂಡೆನ್ಸರ್ ರನ್ ಬಗೆಯ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರನ್ನು ಕೂರಿಸಿದೆ. ಹತ್ತಿರದಲ್ಲಿ ಸಿಕ್ಕಿದ್ದು 1440 ಆರ್‌ಪಿಎಂನದು. ಹಳೆಯದು 2880 ಆರ್‌ಪಿಎಂನದಾಗಿದ್ದು, ಐದು ಇಂಚು ಪುಲ್ಲಿಯಿಂದ ನಾಲ್ಕು ಇಂಚು ಪುಲ್ಲಿಗೆ ಬೆಲ್ಟು ಹಾಯಿಸಿ ಬ್ಲೇಡನ್ನು 3600 ಆರ್‌ಪಿಎಂನಲ್ಲಿ ತಿರುಗಿಸುತ್ತಿತ್ತು. ಆ ವೇಗವನ್ನು 1440ರಿಂದ ಪಡೆಯಲು ಹತ್ತು ಇಂಚಿನ ಪುಲ್ಲಿ ಬೇಕು, ಅದಕ್ಕೆ ಪೆಟ್ಟಿಗೆಯೊಳಗೆ ಜಾಗವಿಲ್ಲ. ಕೊನೆಗೆ 2880ರದನ್ನು ಹುಬ್ಬಳ್ಳಿಯಿಂದ ತರಿಸಿದೆ. ದಂಡದ ವ್ಯಾಸ 24 ಮಿ.ಮೀ. ಹೊಂದಿಕೊಂಡಿತು, ಪಾದದ ತೂತುಗಳು ಹೊಂದದೆ ಹೊಸದಾಗಿ ಕೊರೆಸಬೇಕಾಯಿತು.

ಈ ಮೋಟಾರು ಹಲಸು, ಮತ್ತಿ ಎರಡನ್ನೂ ತಡೆಯಿಲ್ಲದೆ ಕೊಯ್ದಿತು. ತೊಂದರೆ ಶುರುವಿನಲ್ಲಿತ್ತು. ಓಡುವಾಗ ಹತ್ತು ಆಂಪಿಯರ್ ಎಳೆಯುವ ಮೋಟಾರು ಶುರುವಾಗುವಾಗ ಅದರ ಐದು ಪಟ್ಟು ಎಳೆಯುತ್ತದೆ. ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಮನೆಯ 16 ಆಂಪಿಯರ್ ಎಂಸಿಬಿ, ಕ್ಷಣಿಕ ಏರಿಕೆಗೂ ಬೇಗ ಬೀಳುವ ಬಿ ಬಗೆಯದಾದ್ದರಿಂದ, ಆಗಾಗ ಬೀಳುತ್ತಿತ್ತು. ಬೋರ್ಡಿನಿಂದ ಕೊಟ್ಟಿಗೆಗೆ 18 ಮೀಟರ್ ದೂರವಿದ್ದು, ಎರಡೂವರೆ ಚದರ ಮಿ.ಮೀ. ತಂತಿಯಲ್ಲಿ 50 ಆಂಪಿಯರಿಗೆ ಸುಮಾರು 13 ವೋಲ್ಟ್ ನಷ್ಟವಾಗುತ್ತದೆ, ನಾಲ್ಕು ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 8 ವೋಲ್ಟ್. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ನಾಲ್ಕು ಚದರ ಮಿ.ಮೀ.ನ ಪ್ರತ್ಯೇಕ ಲೈನು, ಶುರುವಿನ ಏರಿಕೆಯನ್ನು ತಾಳುವ ಸಿ ಬಗೆಯ 20 ಆಂಪಿಯರ್ ಎಂಸಿಬಿ, ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಮಾಡಿಸಿದ ಮೇಲೆ ಆ ತೊಂದರೆ ನಿಂತಿತು. ಮಳೆಗಾಲದ ಸಂಜೆ ವೋಲ್ಟೇಜ್ 195ಕ್ಕೆ ಇಳಿದಾಗ ಮಾತ್ರ ಮೋಟಾರು ಗೊರಗುಟ್ಟಿ ತಡವಾಗಿ ಏಳುತ್ತಿತ್ತು. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ ಅಷ್ಟರಲ್ಲಿ ಉಳಿಯುವುದು ನೂರಕ್ಕೆ 72 ಪಾಲು.

ಮೂರನೆಯದು ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಸಾಧನವಾದ ವಿಎಫ್‌ಡಿ, ವೈರ್‌ಮನ್‌ಗಳ ಮಾತಿನಲ್ಲಿ ಡ್ರೈವ್. ಸಿಂಗಲ್ ಫೇಸ್ 230 ವೋಲ್ಟನ್ನು ಡಿಸಿಗೆ ಬದಲಿಸಿ, ಅದರಿಂದ ಮತ್ತೆ 230 ವೋಲ್ಟಿನ ನಿಜವಾದ ಮೂರು ಫೇಸುಗಳನ್ನು ಅದು ಹುಟ್ಟಿಸುತ್ತದೆ. ಹಳೆಯ ಮೋಟಾರನ್ನು ಡೆಲ್ಟಾದಲ್ಲಿಯೇ ಅದರ ಜಾಗಕ್ಕೆ ಮರಳಿ ಕೂರಿಸಿದೆ. ಶುರುವಿಗೆ ಐದು ಸೆಕೆಂಡ್ ಕೊಟ್ಟಿದ್ದರಿಂದ ಬ್ಲೇಡು ಎಳೆತವಿಲ್ಲದೆ ವೇಗಕ್ಕೆ ಏರುತ್ತದೆ, ಮನೆಯ ದೀಪ ಮಿನುಗುವುದಿಲ್ಲ. ಕೊಯ್ಯುವಾಗ ಮೂರೂ ಎಳೆಗಳ ಕರೆಂಟು ಸಮವಾಗಿತ್ತು. ಸಿಂಗಲ್ ಫೇಸ್ ಮೋಟಾರಿನಲ್ಲಿ ಮೇಜಿನ ಮೇಲೆ ಅಂಗೈಯಿಟ್ಟರೆ ತಿಳಿಯುತ್ತಿದ್ದ ಕಂಪನ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮತ್ತಿಯ ಸೀಳಿನ ಮೈ ಮೂರರಲ್ಲಿ ನಯವಾಗಿ ಬಂದದ್ದು ಇದರಲ್ಲೇ.

ಆದರೆ ಡ್ರೈವ್ ತನ್ನದೇ ಶಿಸ್ತನ್ನು ಕೇಳುತ್ತದೆ. ಪೂರ್ಣ ಭಾರದಲ್ಲಿ ಅದು 15 ಆಂಪಿಯರಿನಷ್ಟು ಎಳೆಯುವುದರಿಂದ ಪ್ಲಗ್ಗಿಗೆ ಸಿಕ್ಕಿಸದೆ ಸರಬರಾಜನ್ನು ಪೂರ್ತಿ ಕಡಿಯುವ ಸ್ವಿಚ್ಚಾದ ಐಸೊಲೇಟರಿನ ಮೂಲಕ ನೇರವಾಗಿ ಜೋಡಿಸಬೇಕು. ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ ಇರಕೂಡದು, ಓಡುತ್ತಿರುವಾಗ ಅಲ್ಲಿ ಸಂಪರ್ಕ ಕಡಿದರೆ ಡ್ರೈವ್ ಹಾಳಾಗಬಹುದು. ಹಸಿರು, ಕೆಂಪು ಗುಂಡಿಗಳ ತಂತಿಗಳು ಡ್ರೈವಿನ ನಿಯಂತ್ರಣ ತುದಿಗಳಿಗೆ ಹೋಗಬೇಕು. ಗರಿಷ್ಠ ಆವರ್ತನವನ್ನು 50 ಹರ್ಟ್ಜ್‌ಗೇ ಬಿಗಿದೆ, ಏಕೆಂದರೆ ಅದಕ್ಕಿಂತ ಮೇಲೇರಿಸಿದರೆ ಬ್ಲೇಡು ತನ್ನ ಮೇಲೆ ಅಚ್ಚಾದ ಮಿತಿಯನ್ನು ದಾಟಬಹುದು. ನಿಲ್ಲಿಸುವಾಗ ಥಟ್ಟನೆ ಬ್ರೇಕ್ ಹಾಕಿಸಿದರೆ ಬ್ಲೇಡಿನ ನಟ್ಟು ಸಡಿಲಾಗುವ ಅಪಾಯವಿರುವುದರಿಂದ ತಾನಾಗಿ ತಿರುಗಿ ನಿಲ್ಲಲು ಬಿಟ್ಟೆ. ಕರೆಂಟು ಹೋಗಿ ಬಂದಾಗ ಗರಗಸ ತಾನೇ ಶುರುವಾಗದಂತೆ ಮರುಚಾಲನೆಯ ಆಯ್ಕೆಯನ್ನು ತೆಗೆದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವುದುಂಟು. ಇದೊಂದನ್ನು ಯಾವ ಜೋಡಣೆಯಲ್ಲೂ ಮರೆಯಬಾರದು. ಮೊದಲಿನ ಎರಡರಲ್ಲಿ ಕರೆಂಟು ಹೋದೊಡನೆ ಸಂಪರ್ಕ ಬಿಡುವ ಕಾಯಿಲ್ ಇರುವ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ ಸ್ವಿಚ್) ಈ ಕೆಲಸವನ್ನು ಮಾಡುತ್ತಿತ್ತು.

ಮೊದಲ ವಾರ ಆರ್‌ಸಿಸಿಬಿ ಪದೇ ಪದೇ ಬಿತ್ತು. ಅದನ್ನು ತೆಗೆದುಹಾಕಿ ಎಂದು ಸಲಹೆ ಕೊಟ್ಟವರಿದ್ದರು, ನಾನು ಒಪ್ಪಲಿಲ್ಲ. ಮೋಟಾರಿನ ಕೇಬಲನ್ನು ಒಂದೂವರೆ ಮೀಟರಿಗೆ ಮೊಟಕುಗೊಳಿಸಿ, ಡ್ರೈವ್ ಒಳಗೊಳಗೇ ಕರೆಂಟನ್ನು ಕಡಿದು ಕೂಡಿಸುವ ವೇಗವಾದ ಕ್ಯಾರಿಯರ್ ಆವರ್ತನವನ್ನು 12ರಿಂದ 4 ಕಿಲೋಹರ್ಟ್ಜ್‌ಗೆ ಇಳಿಸಿ, ಎ ಬಗೆಯ ಆರ್‌ಸಿಸಿಬಿ ಹಾಕಿಸಿದ ಮೇಲೆ ಸೋರಿಕೆ ಹತೋಟಿಗೆ ಬಂತು. ಮೋಟಾರಿನ ಸಿಳ್ಳೆಯಂಥ ಸದ್ದು ತುಸು ಹೆಚ್ಚಾಯಿತು, ಅದನ್ನು ಸಹಿಸಬಹುದು.

ಹೊಸ ಮೋಟಾರಿಗೂ ಡ್ರೈವಿಗೂ ನನಗೆ ತಗುಲಿದ ಖರ್ಚು ಹೆಚ್ಚುಕಡಿಮೆ ಒಂದೇ. ಆರು ತುದಿಗಳ ಮೋಟಾರು ಸುಸ್ಥಿತಿಯಲ್ಲಿದ್ದರೆ ನಾನು ಡ್ರೈವನ್ನೇ ಆರಿಸುತ್ತೇನೆ, ಈಗ ಉಳಿಸಿಕೊಂಡಿರುವುದೂ ಅದನ್ನೇ. ಕಾರವಾರದಲ್ಲಿ ಕಡಲಿಗೆ ಹತ್ತಿರವೇ ಕಾರ್ಯಾಗಾರ ಇಟ್ಟುಕೊಂಡ ಗೆಳೆಯರೊಬ್ಬರು ಕೇಳಿದಾಗ ಮಾತ್ರ ಸಿಂಗಲ್ ಫೇಸ್ ಮೋಟಾರನ್ನೇ ಸೂಚಿಸಿದೆ. ನಾಲ್ಕೂ ಕಡೆ ತೆರೆದ ಅವರ ಚಪ್ಪರದಲ್ಲಿ ಉಪ್ಪುಗಾಳಿ ಮತ್ತು ಮರದ ಹುಡಿ ಎರಡೂ ಸರ್ಕ್ಯೂಟ್ ಬೋರ್ಡಿಗೆ ಶತ್ರುಗಳು, ಪೂರ್ತಿ ಮುಚ್ಚಿದ ಮೈಯ ಮೋಟಾರು ಅವನ್ನು ಹೆಚ್ಚು ತಾಳುತ್ತದೆ. ನನ್ನ ಡ್ರೈವನ್ನು ಕೊಟ್ಟಿಗೆಯ ಒಳಗೋಡೆಗೆ, ಗಾಳಿ ಬರುವಲ್ಲಿ ಶೋಧಕ ಬಟ್ಟೆಯಿರುವ ಲೋಹದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿರಲಿ, ಇಲ್ಲದಿರಲಿ, ತೇವ ಕೂರದಂತೆ ವಾರಕ್ಕೊಮ್ಮೆ ಅದಕ್ಕೆ ಒಂದು ತಾಸು ಕರೆಂಟು ಕೊಡುತ್ತೇನೆ. ಹುಡಿ ತೆಗೆಯಲು ಪೆಟ್ಟಿಗೆ ತೆರೆಯುವಾಗ ಐಸೊಲೇಟರ್ ಇಳಿಸಿ, ಒಳಗಿನ ಕಂಡೆನ್ಸರುಗಳು ಖಾಲಿಯಾಗಲು ಡ್ರೈವಿನ ಮೇಲೆ ನಮೂದಿಸಿದಷ್ಟು ನಿಮಿಷ ಗಡಿಯಾರ ನೋಡಿಯೇ ಕಾಯುತ್ತೇನೆ.