ಕ್ಯಾಸ್ಕೇಡ್ ಹಿಮದಲ್ಲಿ ಕ್ಯಾಲ್‌ಟೋಪೋ: ಹಲವು ವರ್ಷಗಳ ಬಳಕೆಯ ನಂತರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಿಗೆ ಚಳಿಗಾಲದಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ಗೂ ಬೇಸಿಗೆಯಲ್ಲಿ ಬಂಡೆ ಮತ್ತು ಹಿಮನದಿಗಳ ಆರೋಹಣಕ್ಕೂ ಹೋಗುವ ನಾನು, ದಾರಿ ಯೋಜಿಸಲು ಹಲವು ವರ್ಷಗಳಿಂದ ನೆಚ್ಚಿಕೊಂಡಿರುವುದು ಕ್ಯಾಲ್‌ಟೋಪೋ ಎಂಬ ನಕ್ಷೆಯ ತಂತ್ರಾಂಶವನ್ನು. ಬ್ರೌಸರಿನಲ್ಲಿಯೂ ಫೋನಿನಲ್ಲಿಯೂ ಕೆಲಸ ಮಾಡುವ ಇದರ ಪ್ರೋ ದರ್ಜೆಗೆ ನಾನು ಕೊಡುತ್ತಿರುವುದು ವರ್ಷಕ್ಕೆ 50 ಡಾಲರ್. ಆ ಹಣ ಸಾರ್ಥಕವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದರ ಹಿರಿಮೆಯ ಬಹುಪಾಲು, ಸರ್ಕಾರಿ ಸಂಸ್ಥೆಗಳು ಸಾರ್ವಜನಿಕರ ಹಣದಲ್ಲಿ ಅಳೆದು ಯಾರು ಬೇಕಾದರೂ ಬಳಸಲೆಂದು ತೆರೆದಿಟ್ಟ ಮಾಹಿತಿಯಿಂದ ಬಂದದ್ದು. ಹಾಗಾಗಿ ಈ ವಿಮರ್ಶೆಯಲ್ಲಿ ರಾಜಕೀಯದ ಮಾತು ಬಂದೇ ಬರುತ್ತದೆ; ಅದನ್ನು ಬದಿಗಿಟ್ಟು ಈ ತಂತ್ರಾಂಶದ ಬೆಲೆ ಕಟ್ಟಲು ನನ್ನಿಂದಾಗದು.

ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ರೆಸಾರ್ಟಿನ ಲಿಫ್ಟ್ ಇರುವುದಿಲ್ಲ. ಸ್ಕೀಗಳ ಅಡಿಗೆ ಹಿಂದಕ್ಕೆ ಜಾರದಂತೆ ತಡೆಯುವ ಸ್ಕಿನ್ ಎಂಬ ಪಟ್ಟಿ ಅಂಟಿಸಿಕೊಂಡು ಬೆಟ್ಟವನ್ನು ಸ್ವಂತ ಕಾಲಬಲದಿಂದಲೇ ಹತ್ತಿ, ತುದಿಯಲ್ಲಿ ಅದನ್ನು ಕಿತ್ತು ಚೀಲಕ್ಕೆ ತುಂಬಿ, ಯಾರೂ ಹದಗೊಳಿಸದ, ಯಾರೂ ಕಾವಲಿರದ ಹಿಮದ ಮೇಲೆ ಇಳಿಯಬೇಕು. ಇಲ್ಲಿನ ದೊಡ್ಡ ಅಪಾಯ ಹಿಮಕುಸಿತ. ಗಟ್ಟಿ ಹಾಸಿನಂತೆ ಒಮ್ಮೆಗೇ ಕಳಚಿಕೊಳ್ಳುವ ಮಾರಕ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಆರಂಭವಾಗುತ್ತವೆ, ಸ್ಕೀಯಿಂಗ್‌ಗೆ ಅತ್ಯಂತ ಹಿತವಾದ ಇಳಿಜಾರುಗಳೂ ಬಹುಮಟ್ಟಿಗೆ ಅವೇ. ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ದಾರಿಯ ಪ್ರತಿಯೊಂದು ತುಂಡು ಎಷ್ಟು ಡಿಗ್ರಿ ಬಾಗಿದೆ ಎಂದು ತಿಳಿದಿರಬೇಕಾಗುತ್ತದೆ.

ಕ್ಯಾಲ್‌ಟೋಪೋ ಹೆಸರಾದದ್ದು ಇದೇ ಕೆಲಸಕ್ಕೆ. ಇಳಿಜಾರಿನ ಬಣ್ಣದ ಪದರವನ್ನು ತೆರೆದರೆ 27ರಿಂದ 29 ಡಿಗ್ರಿ ಇರುವಲ್ಲಿ ಹಳದಿ, 30 ದಾಟಿದಲ್ಲಿ ಕಿತ್ತಳೆ, 35ರಿಂದ 45ರವರೆಗೆ ಕೆಂಪು, ಅದಕ್ಕೂ ಕಡಿದಾದಲ್ಲಿ ನೇರಳೆ ಹಾಗೂ ನೀಲಿ, 60 ಮೀರಿದಲ್ಲಿ ಕಪ್ಪು ಕಾಣಿಸುತ್ತದೆ. ಒಂದೇ ಎತ್ತರದ ಬಿಂದುಗಳನ್ನು ಜೋಡಿಸುವ ಸಮೋನ್ನತ ರೇಖೆಗಳ ಅಂತರವನ್ನು ಅಳೆದು ಲೆಕ್ಕ ಹಾಕುತ್ತಿದ್ದ ಕೆಲಸ ಈಗ ಒಂದು ನೋಟಕ್ಕೆ ದಕ್ಕುತ್ತದೆ. ಇದಕ್ಕಿಂತಲೂ ನನಗೆ ಹೆಚ್ಚು ಉಪಯೋಗವಾಗಿರುವುದು, ಇಳಿಜಾರು, ಎತ್ತರ, ಮುಖದ ದಿಕ್ಕು ಈ ಮೂರನ್ನೂ ಸೇರಿಸಿ ನಾವೇ ಬಣ್ಣ ಹಚ್ಚಿಕೊಳ್ಳುವ ಸೌಲಭ್ಯ. ಸಿಯಾಟಲ್‌ನಲ್ಲಿರುವ ವಾಯವ್ಯ ಹಿಮಕುಸಿತ ಕೇಂದ್ರವು ಚಳಿಗಾಲದ ಪ್ರತಿದಿನ ಪ್ರಕಟಿಸುವ ಮುನ್ಸೂಚನೆಯಲ್ಲಿ ಅಪಾಯದ ಮಟ್ಟವನ್ನು 1ರಿಂದ 5ರವರೆಗಿನ ಅಳತೆಯಲ್ಲಿ, ಮರಗಳು ಬೆಳೆಯುವ ಎತ್ತರದ ಮಿತಿಯ ಕೆಳಗೆ, ಮಿತಿಯ ಹತ್ತಿರ ಮತ್ತು ಮೇಲೆ ಎಂದು ಮೂರು ಪಟ್ಟಿಗಳಲ್ಲಿ ಬೇರೆಬೇರೆಯಾಗಿ ಹೇಳುತ್ತಾರೆ. ಜೊತೆಗೆ ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳಲ್ಲಿ ಯಾವ ಬಗೆಯ ತೊಂದರೆ ಇದೆ ಎಂಬುದನ್ನೂ ತಿಳಿಸುತ್ತಾರೆ. ಗಾಳಿ ಹೊತ್ತು ತಂದ ಹಿಮ ಉತ್ತರದಿಂದ ಪೂರ್ವದವರೆಗಿನ ಮುಖಗಳಲ್ಲಿ, 5,000 ಅಡಿಗಿಂತ ಮೇಲೆ ಕುಳಿತಿದೆ ಎಂದು ಅವರು ಬರೆದಿದ್ದರೆ, ಆ ದಿಕ್ಕುಗಳನ್ನೂ ಆ ಎತ್ತರವನ್ನೂ 30 ಡಿಗ್ರಿಯ ಮಿತಿಯನ್ನೂ ಕೊಟ್ಟು, ಆ ದಿನ ನನ್ನ ತಂಡ ಕಾಲಿಡಬಾರದ ಜಾಗಗಳಿಗೆಲ್ಲ ಒಂದೇ ಬಣ್ಣ ಬಳಿದು ಇಟ್ಟುಕೊಳ್ಳುತ್ತೇನೆ. ಮುನ್ಸೂಚನೆಯ ಮಾತು ಹಾಗೆ ನೆಲದ ಮೇಲೆ ಇಳಿದು ಬಂದಾಗ ತಂಡದೊಳಗಿನ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಧೈರ್ಯದ ಮಾತು ಹಿಂದೆ ಸರಿದು, ಈ ತಿರುವಿನಲ್ಲಿ ಬಣ್ಣ ನಮ್ಮ ಗೆರೆಯನ್ನು ಮುಟ್ಟುತ್ತಿದೆಯಲ್ಲ, ಎಡಕ್ಕೆ ಎಷ್ಟು ಸರಿಯಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಬಣ್ಣವಿಲ್ಲದ ಜಾಗ ಸುರಕ್ಷಿತ ಎಂಬ ತಿಳಿವಳಿಕೆ ಮಾತ್ರ ಅಪಾಯಕಾರಿ. ನಕ್ಷೆಯ ಒಂದು ಬಿಂದು ಹೇಳುವುದು ಆ ಬಿಂದುವಿನ ಕೋನವನ್ನಷ್ಟೇ. ಅದರ ತಲೆಯ ಮೇಲೆ ಏನು ತೂಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. 2012ರ ಫೆಬ್ರುವರಿ 19ರಂದು ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ಮೂವರ ಪ್ರಾಣ ತೆಗೆದ ಕುಸಿತವು ಮೇಲಿನ ತೆರೆದ ಇಳಿಜಾರಿನಲ್ಲಿ ಆರಂಭವಾಗಿ, ಕಿರಿದಾದ ಕೊರಕಲಿನೊಳಗೆ ನುಗ್ಗಿ ಬಹುದೂರ ಹರಿಯಿತು. ಅಂಥ ಕೊರಕಲಿನ ತಳ ಬಣ್ಣದ ಪದರದಲ್ಲಿ ಎಷ್ಟೇ ಮೆತ್ತಗೆ ಕಂಡರೂ ಅಲ್ಲಿ ನಿಲ್ಲಬಾರದು. ಇನ್ನೊಂದು ಮಿತಿ ಅಳತೆಗೆ ಸಂಬಂಧಿಸಿದ್ದು. ಸುತ್ತ ಸಮತಟ್ಟಾದ ಜಾಗದಲ್ಲಿ ಎದ್ದುನಿಂತ 10 ಮೀಟರ್ ಎತ್ತರದ ಬಂಡೆಗೋಡೆಯನ್ನು 30 ಮೀಟರ್ ಚೌಕಗಳ ಲೆಕ್ಕದಲ್ಲಿ ಅಳೆದರೆ ಅದು 20 ಡಿಗ್ರಿಯೂ ಇಲ್ಲದ ಇಳಿಜಾರಾಗಿ ಕಾಣುತ್ತದೆ. ದೊಡ್ಡ ಕಣ್ಣಿನ ಜರಡಿಯಲ್ಲಿ ನುಣ್ಣನೆಯ ಹಿಟ್ಟು ನಿಲ್ಲದ ಹಾಗೆ, ಒರಟು ಅಳತೆಯಲ್ಲಿ ಸಣ್ಣ ಪ್ರಪಾತಗಳು ನಿಲ್ಲುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ವಿಮಾನಗಳಿಂದ ಲೈಡಾರ್ ಎಂಬ ಲೇಸರ್ ಅಳತೆಯ ವಿಧಾನ ಬಳಸಿ ಅಳೆದ ಪ್ರದೇಶಗಳಲ್ಲಿ ಈ ಚೌಕ 1 ಮೀಟರ್‌ಗೆ ಇಳಿದಿದೆ. ಹಳೆಯ ಅಳತೆಯಲ್ಲಿ ಒಂದೇ ಸಮನೆ ಕಿತ್ತಳೆಯಾಗಿದ್ದ ಕಾಡಿನ ಇಳಿಜಾರು, ಹೊಸ ಅಳತೆಯಲ್ಲಿ ಕೆಂಪು ಮೆಟ್ಟಿಲುಗಳೂ ನಡುವೆ ನೆಮ್ಮದಿಯ ಕಟ್ಟೆಗಳೂ ಇರುವ ನೆಲವಾಗಿ ತೆರೆದುಕೊಳ್ಳುತ್ತದೆ. ಗೊಂಡಾರಣ್ಯದಲ್ಲಿ ಹತ್ತುವ ದಾರಿ ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಹಿಮನದಿ, ಹಿಮಬಯಲುಗಳಿರುವ ಜಾಗಗಳಲ್ಲಿ ಈ ತಂತ್ರಾಂಶದ ಇನ್ನೊಂದು ಗುಣ ಬೆಳಕಿಗೆ ಬರುತ್ತದೆ. ಮೌಂಟ್ ರೇನಿಯರ್‌ನ ಎತ್ತರ 14,410 ಅಡಿ. ಅದರ ದಕ್ಷಿಣ ಮಗ್ಗುಲಿನಲ್ಲಿ, ಪ್ಯಾರಡೈಸ್ ಎಂಬಲ್ಲಿಂದ ಕ್ಯಾಂಪ್ ಮ್ಯೂರ್ ಎಂಬ ಆರೋಹಿಗಳ ತಂಗುದಾಣದವರೆಗೆ ಸುಮಾರು 4,600 ಅಡಿ ಏರುವ ದಾರಿಯ ಮೇಲ್ಭಾಗವೆಲ್ಲ ಮ್ಯೂರ್ ಹಿಮಬಯಲು. ಬಿಸಿಲಿದ್ದರೆ ಇದು ಕಷ್ಟದ ದಾರಿಯೇನಲ್ಲ. ಆದರೆ ಮೋಡ ಇಳಿದು ನೆಲವೂ ಆಕಾಶವೂ ಒಂದೇ ಬಿಳುಪಾದಾಗ, ಇಳಿಯುವವರು ದಾರಿ ತಪ್ಪಿ ಪಶ್ಚಿಮಕ್ಕೆ ನಿಸ್ಕ್ವಾಲಿ ಹಿಮನದಿಯ ಕಡೆಗೋ ಪೂರ್ವಕ್ಕೆ ಪ್ಯಾರಡೈಸ್ ಹಿಮನದಿಯ ಬಿರುಕುಗಳ ಕಡೆಗೋ ಸರಿದುಬಿಡುತ್ತಾರೆ. ಇಲ್ಲಿ ಸತ್ತವರು ಹಲವರು. ಹೊರಡುವ ಹಿಂದಿನ ರಾತ್ರಿ ನಾನು ಕ್ಯಾಲ್‌ಟೋಪೋದಲ್ಲಿ ಈ ದಾರಿಯನ್ನು ಗುರುತಿನ ಬಂಡೆಗಳ ನಡುವಿನ ನೇರ ತುಂಡುಗಳಾಗಿ ಒಡೆದು, ಪ್ರತಿಯೊಂದು ತುಂಡಿನ ದಿಕ್ಕನ್ನೂ ಉದ್ದವನ್ನೂ ಬರೆದುಕೊಂಡು, ನಕ್ಷೆಯನ್ನು 1:24,000 ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸುತ್ತೇನೆ. ಈ ಭಾಗದಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುವುದರಿಂದ ಆ ತಿದ್ದುಪಡಿಯನ್ನೂ ಹಾಳೆಯ ಮೂಲೆಯಲ್ಲಿ ಬರೆಯುತ್ತೇನೆ. ಫೋನಿನ ಬ್ಯಾಟರಿ ಚಳಿಗೆ ಬಹುಬೇಗ ಸೋಲುತ್ತದೆ, ಒದ್ದೆ ಕೈಗವಸಿಗೆ ಪರದೆ ಸ್ಪಂದಿಸುವುದಿಲ್ಲ. ಅಳತೆ ಕೆಡದಂತೆ, ಜಾಲರಿಯ ಗೆರೆಗಳ ಸಮೇತ ಮುದ್ರಿಸಲು ಕೊಡುವ ಕಾರಣಕ್ಕೇ ಈ ತಂತ್ರಾಂಶವನ್ನು ಎಷ್ಟು ಹೊಗಳಿದರೂ ಕಡಿಮೆ.

ಬಂಡೆ ಹತ್ತುವವರಿಗೆ ಇದರಿಂದ ಸಿಗುವ ನೆರವು ಕಡಿಮೆ. ವಾಷಿಂಗ್ಟನ್ ಪಾಸ್ ಬಳಿಯ ಲಿಬರ್ಟಿ ಬೆಲ್‌ನಂಥ ಶಿಖರದ ಗೋಡೆಯಲ್ಲಿ ಸಮೋನ್ನತ ರೇಖೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಮಚ್ಚೆಯಾಗುತ್ತವೆ. ಅಲ್ಲಿ ಬೇಕಾದದ್ದು ಮಾರ್ಗದರ್ಶಿ ಪುಸ್ತಕ ಮತ್ತು ಫೋಟೋ. ಬುಡದವರೆಗಿನ ದಾರಿಗೂ, ಬೇಸಿಗೆಯ ಆರಂಭದಲ್ಲಿ ಕೊರಕಲುಗಳಲ್ಲಿ ಹಿಮ ಎಷ್ಟು ಉಳಿದಿದೆ ಎಂದು ನೋಡಲಿಕ್ಕೂ ಮಾತ್ರ ನಾನು ಕ್ಯಾಲ್‌ಟೋಪೋ ತೆರೆಯುತ್ತೇನೆ. ಹಿಮ ನೋಡಲು ನೆರವಾಗುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು. 10 ಮೀಟರ್ ಸೂಕ್ಷ್ಮತೆಯ ಈ ಚಿತ್ರಗಳು ಮೋಡವಿಲ್ಲದಿದ್ದರೆ ಕೆಲವೇ ದಿನಗಳಷ್ಟು ಹಳೆಯವಾಗಿರುತ್ತವೆ. ಪ್ರೋ ದರ್ಜೆಗೆ ಹಣ ಕೊಡಲು ನನಗೆ ಇದೊಂದೇ ಕಾರಣ ಸಾಕು.

ರಾಜಕೀಯ ನೇರವಾಗಿ ಪ್ರವೇಶಿಸುವುದು ಇಲ್ಲಿಯೇ. ಎತ್ತರದ ಅಳತೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಬೆಟ್ಟಗಳಲ್ಲಿ ಬಿದ್ದ ಹಿಮವನ್ನು ತೂಗಿ ಅದರಲ್ಲಿರುವ ನೀರಿನ ಪ್ರಮಾಣವನ್ನು ತಾನಾಗಿ ತಿಳಿಸುವ ಸ್ನೋಟೆಲ್ ಕೇಂದ್ರಗಳು ಕೃಷಿ ಇಲಾಖೆಯವು. ಹವಾಮಾನದ ಮುನ್ಸೂಚನೆ ನೋವಾ ಸಂಸ್ಥೆಯದು. ಹಿಮಕುಸಿತ ಕೇಂದ್ರ ನಡೆಯುವುದು ಅರಣ್ಯ ಸೇವೆ ಹಾಗೂ ಒಂದು ಲಾಭರಹಿತ ಸಂಸ್ಥೆಯ ಸಹಯೋಗದಲ್ಲಿ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಅರಣ್ಯ ಸೇವೆ, ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ನೋವಾದ ಪ್ರೊಬೇಷನ್ ಅವಧಿಯ ಸಿಬ್ಬಂದಿಯನ್ನು ಸಾಮೂಹಿಕವಾಗಿ ಕೆಲಸದಿಂದ ತೆಗೆಯಿತು. ಅದಾದ ಕೆಲವೇ ವಾರಗಳಲ್ಲಿ ಸಿಬ್ಬಂದಿ ಸಾಲದೆ ಕೆಲವು ಕಡೆ ಹವಾಮಾನದ ಬಲೂನುಗಳನ್ನು ಹಾರಿಸುವುದೇ ಕಡಿಮೆಯಾಯಿತು. ಆಡಳಿತದ ಖರ್ಚು ತಗ್ಗಿಸಬೇಕೆನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಿಮವನ್ನು ಅಳೆಯುವ ಯಂತ್ರವನ್ನು ದುರಸ್ತಿ ಮಾಡಲು ಜನವಿಲ್ಲದಿದ್ದರೆ, ನನ್ನ ಪರದೆಯ ಮೇಲಿನ ಪದರ ಎಷ್ಟೇ ಅಂದವಾಗಿ ಮೂಡಿದರೂ ಅದರೊಳಗೆ ತಿರುಳಿರುವುದಿಲ್ಲ. ಚಂದಾ ಕಟ್ಟಿದರೆ ನನ್ನ ಕರ್ತವ್ಯ ಮುಗಿಯಿತೆಂದು ನಾನು ಭಾವಿಸದಿರುವುದು ಇದರಿಂದಲೇ. ಹಿಮಕುಸಿತ ಕೇಂದ್ರಕ್ಕೂ ಪ್ರತಿವರ್ಷ ದೇಣಿಗೆ ಕೊಡುತ್ತೇನೆ, ಪ್ರತಿನಿಧಿಗಳಿಗೂ ಪತ್ರ ಬರೆಯುತ್ತೇನೆ.

ಭೂಮಿಯ ವಿಷಯವೂ ಹಾಗೆಯೇ. 2025ರ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಪಶ್ಚಿಮದ 11 ರಾಜ್ಯಗಳ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿಯನ್ನು ಮಾರುವ ಪ್ರಸ್ತಾವವನ್ನು ಬಜೆಟ್ ಮಸೂದೆಯೊಳಗೆ ಸೇರಿಸಲು ಯತ್ನಿಸಿದರು. ವಾಷಿಂಗ್ಟನ್ ರಾಜ್ಯವೂ ಆ ಪಟ್ಟಿಯಲ್ಲಿತ್ತು. ಯಾವ ಬೆಟ್ಟ ಯಾರ ಸ್ವತ್ತು ಎಂದು ಬಣ್ಣಗಳಲ್ಲಿ ತೋರಿಸುವ ಪದರವನ್ನು ಆ ದಿನಗಳಲ್ಲಿ ನಾನು ಮತ್ತೆಮತ್ತೆ ತೆರೆದು, ನಾವು ನಡೆದಾಡುವ ನೆಲದಲ್ಲಿ ಅರಣ್ಯ ಸೇವೆಯ ಹಸಿರು ಎಷ್ಟು ವಿಸ್ತಾರವಾಗಿದೆ ಎಂಬುದನ್ನು ಗೆಳೆಯರಿಗೆ ತೋರಿಸಿದ್ದೇನೆ. ಬೇಟೆಗಾರರು, ಮೀನು ಹಿಡಿಯುವವರು, ಸ್ಕೀ ಮಾಡುವವರು, ಹತ್ತುವವರು ಎಲ್ಲರೂ ಪಕ್ಷಭೇದ ಮರೆತು ವಿರೋಧಿಸಿದ್ದರಿಂದ ತಿಂಗಳ ಕೊನೆಯಲ್ಲಿ ಆ ಪ್ರಸ್ತಾವ ಹಿಂದೆ ಸರಿಯಿತು. ಅದೇ ವರ್ಷದ ಜನವರಿಯಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಹೊರಾಂಗಣ ವಿಹಾರಕ್ಕೆ ಸಂಬಂಧಿಸಿದ ಎಕ್ಸ್‌ಪ್ಲೋರ್ ಕಾಯ್ದೆ ಜಾರಿಗೆ ಬಂದಿತ್ತು. ವನ್ಯಪ್ರದೇಶದ ಬಂಡೆಗಳಲ್ಲಿ ಇಳಿಯಲು ಬೇಕಾದ ಬೋಲ್ಟುಗಳು 1964ರ ವನ್ಯಪ್ರದೇಶ ಕಾಯ್ದೆ ನಿಷೇಧಿಸಿದ ಕಟ್ಟಡಗಳಿಗೆ ಸಮವೇ ಎಂಬ ವಿವಾದದಲ್ಲಿ ಅದು ಆರೋಹಿಗಳ ಪರವಾಗಿ ನಿಂತಿತು. ಒಡೆದ ರಾಜಕೀಯದಲ್ಲಿಯೂ ಪರ್ವತದ ವಿಷಯಕ್ಕೆ ಕೂಡಿ ನಿಲ್ಲಬಹುದು ಎಂಬ ನನ್ನ ನಂಬಿಕೆಗೆ ಈ ಎರಡು ಪ್ರಸಂಗಗಳು ಆಧಾರ.

ತಂತ್ರಾಂಶವಾಗಿಯೂ ಕ್ಯಾಲ್‌ಟೋಪೋ ನನಗೆ ಒಪ್ಪಿಗೆಯಾದದ್ದು ಅದರ ಹುಟ್ಟಿನ ಗುಣದಿಂದ. ಪರ್ವತಗಳಲ್ಲಿ ಕಳೆದುಹೋದವರನ್ನು ಹುಡುಕುವ ಸ್ವಯಂಸೇವಕರಾಗಿದ್ದ ಮ್ಯಾಟ್ ಜೇಕಬ್ಸ್ ಇದನ್ನು ಬೆಳೆಸಿದರು; ಇದರ ಜೊತೆಯ ರೂಪವಾಗಿದ್ದ ಸಾರ್‌ಟೋಪೋವನ್ನು ರಕ್ಷಣಾ ತಂಡಗಳು ಬಳಸುತ್ತಿದ್ದವು. ಆದ್ದರಿಂದ ಇಲ್ಲಿ ಲೈಕ್‌ಗಳಿಲ್ಲ, ಇತರರ ಸಾಹಸದ ಮೆರವಣಿಗೆಯಿಲ್ಲ. ನಾನು ಹಿಂದೆ ಬಳಸುತ್ತಿದ್ದ ಇನ್ನೊಂದು ಆ್ಯಪ್ ದಿನಕಳೆದಂತೆ ನಕ್ಷೆಗಿಂತ ಪ್ರದರ್ಶನಕ್ಕೇ ಹೆಚ್ಚು ಜಾಗ ಕೊಡತೊಡಗಿದಾಗ ಅದನ್ನು ಬಿಟ್ಟೆ. ಇಲ್ಲಿ ಬರೆದ ಪ್ರತಿಯೊಂದು ಗೆರೆಯನ್ನೂ ಬೇರೆ ನಕ್ಷೆಯ ತಂತ್ರಾಂಶಗಳೂ ಓದಬಲ್ಲ ಜಿಪಿಎಕ್ಸ್ ಅಥವಾ ಕೆಎಂಎಲ್ ಕಡತವಾಗಿ ಹೊರತೆಗೆಯಬಹುದು. ನಾಳೆ ಈ ಕಂಪನಿ ಇಲ್ಲವಾದರೂ ನನ್ನ ದಾರಿಗಳು ನನ್ನವೇ ಆಗಿರುತ್ತವೆ. ಇಷ್ಟಾದರೂ ಹೊಸಬರಿಗೆ ಇದು ಸುಲಭವೆಂದು ಹೇಳಲಾರೆ. ಪದರಗಳ ಪಟ್ಟಿ ಉದ್ದವಾಗಿದೆ, ಹೆಸರುಗಳು ಚುಟುಕಾಗಿವೆ, ಯಾವುದರ ಮೇಲೆ ಯಾವುದನ್ನು ಹಾಕಬೇಕು ಎಂಬುದನ್ನು ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯುವುದೇ ಒಳ್ಳೆಯದು. ಜಾಲವಿಲ್ಲದ ಕಡೆಗೆ ಹೋಗುವ ಮೊದಲು ಇಳಿಜಾರಿನ ಪದರವನ್ನೂ ಪ್ರತ್ಯೇಕವಾಗಿ ಫೋನಿಗೆ ಇಳಿಸಿಕೊಂಡಿರಬೇಕು.

ಹಿಮಾಲಯಕ್ಕೆ ಹೋಗುವ ಕನ್ನಡಿಗರು ಇದು ಅಲ್ಲಿಯೂ ಕೆಲಸಕ್ಕೆ ಬರುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ. ನಕ್ಷೆ ತೆರೆದುಕೊಳ್ಳುತ್ತದೆ, ಆದರೆ ಅಮೆರಿಕದ ಹೊರಗೆ ಎತ್ತರದ ಅಳತೆ ಬಹಳ ಒರಟು. ಹಾಗಾಗಿ ಗುಲ್ಮಾರ್ಗ್‌ನ ಅಫರ್ವತ್ ಶಿಖರದ ಮೇಲಾಗಲಿ ಮನಾಲಿಯ ಮೇಲಿನ ಕಣಿವೆಗಳಲ್ಲಾಗಲಿ ಬಣ್ಣ ಹೇಳುವುದಕ್ಕಿಂತ ನೆಲ ಕಡಿದಾಗಿರುತ್ತದೆ ಎಂದೇ ಭಾವಿಸಿ ನಡೆಯಬೇಕು. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಆದರೆ ಸಾರ್ವಜನಿಕರಿಗೆ ತಲುಪುವುದು ಬಹುಮಟ್ಟಿಗೆ ಜಿಲ್ಲೆಯ ಹೆಸರು ಮತ್ತು ಒಂದು ಎತ್ತರ. ಯಾವ ಮುಖದ ಇಳಿಜಾರು, ಯಾವ ಬಗೆಯ ಹಿಮ ಎಂಬ ವಿವರ ಚಾರಣಿಗರ ಕೈಗೆ ಸಿಗಬೇಕು. 2021ರ ಫೆಬ್ರುವರಿಯ ಮಾರ್ಗಸೂಚಿಗಳು ಭಾರತದಲ್ಲಿ ನಕ್ಷೆ ತಯಾರಿಸುವವರ ಮೇಲಿದ್ದ ಪೂರ್ವಾನುಮತಿಯ ಹೊರೆಯನ್ನು ಬಹುಪಾಲು ಇಳಿಸಿದವು, ಅದು ಒಳ್ಳೆಯ ಹೆಜ್ಜೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳು ಮಾತ್ರ ಇಂದಿಗೂ ಅನುಮತಿಯಿಲ್ಲದೆ ಒಯ್ದರೆ ಅಪರಾಧ. ಅವುಗಳನ್ನು ತಂದ ವಿದೇಶಿ ಪ್ರಯಾಣಿಕರನ್ನು ವಿಮಾನ ನಿಲ್ದಾಣಗಳಲ್ಲಿ ವಶಕ್ಕೆ ಪಡೆದ ಪ್ರಕರಣಗಳಿವೆ. ಗಡಿಯ ಭದ್ರತೆಯ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕು 9 ಮಂದಿ ತೀರಿಕೊಂಡ ಮೇಲಾದರೂ, ನೋಂದಾಯಿತ ಚಾರಣ ತಂಡಗಳಿಗೆ ಈ ಸಾಧನವನ್ನು ಹೆಸರು, ದಾರಿ, ದಿನಾಂಕ ಬರೆಸಿಕೊಂಡು ಬಾಡಿಗೆಗೆ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಲೇಬೇಕು. ಅದು ಬರುವವರೆಗೆ ಹಿಮಾಲಯಕ್ಕೆ ಹೋಗುವವರು ಈ ತಂತ್ರಾಂಶದ ಉಚಿತ ದರ್ಜೆಯನ್ನೇ ಬಳಸಿ ದಾರಿಯನ್ನು ತುಂಡುಗಳಾಗಿ ಒಡೆದು ಮುದ್ರಿಸಿಕೊಳ್ಳಲಿ, ಒಂದು ಪ್ರತಿಯನ್ನು ಕೆಳಗಿನ ಊರಿನಲ್ಲಿ ಉಳಿಯುವವರ ಕೈಗೆ ಕೊಟ್ಟು, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅದರ ಹಿಂಬದಿಯಲ್ಲಿ ಬರೆದಿಟ್ಟು ಹೊರಡಲಿ.