ಹಾಜರಿ ಪುಸ್ತಕ ಕೊಳ್ಳುವ ಮುನ್ನ: ದಾವಣಗೆರೆ ಅಂಗಡಿಗಳ ಮಾಲು ಹೇಗಿದೆ

ದಾವಣಗೆರೆಯ ಸ್ಟೇಷನರಿ ಅಂಗಡಿಯಲ್ಲಿ ‘ಒಂದು ಹಾಜರಿ ಬುಕ್ ಕೊಡಿ’ ಎಂದರೆ ಕೌಂಟರಿನ ಮೇಲೆ ಬರುವುದು ಸಾಮಾನ್ಯವಾಗಿ ಎರಡು ಬಗೆ. ಒಂದು, ಶಾಲೆ ಮಕ್ಕಳ ಹಾಜರಿಗೆಂದು ಗೆರೆ ಹಾಕಿದ, ಒಂದೇ ಪುಟದಲ್ಲಿ ತಿಂಗಳು ಮುಗಿಸುವ ತೆಳು ಪುಸ್ತಕ. ಇನ್ನೊಂದು, ಎದುರುಬದುರಿನ ಎರಡು ಪುಟ ಸೇರಿ ತಿಂಗಳಾಗುವ, ರಟ್ಟು ಕಟ್ಟಿದ ಮಸ್ಟರ್ ರೋಲ್. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಹೀಗೆ ದಿನಗೂಲಿ ಲೆಕ್ಕ ಇರುವ ಕಡೆಗೆಲ್ಲ ಎರಡನೆಯದೇ ಬೇಕು. ಮೊದಲನೆಯದು ಅಗ್ಗ, ಆದರೆ ದಂಡ.

ಸ್ಕೇಲಿಟ್ಟು ನೋಡಿದರೆ ಕಾರಣ ಗೊತ್ತಾಗುತ್ತದೆ. ಫುಲ್‌ಸ್ಕೇಪ್ ಪುಟದ ಅಗಲ ಸುಮಾರು 21 ಸೆಂ.ಮೀ. ಕ್ರಮಸಂಖ್ಯೆಗೂ ಹೆಸರಿಗೂ 8 ಸೆಂ.ಮೀ. ಹೋದರೆ ಉಳಿದ 13ರಲ್ಲಿ ತಾರೀಖಿಗೊಂದರಂತೆ 31 ಮನೆ (ಚೌಕ) ಕೂರಬೇಕು. ಒಂದೊಂದಕ್ಕೆ 4 ಮಿ.ಮೀ. ಸಿಕ್ಕಿತು ಅಷ್ಟೆ, ಒಟ್ಟು, ದರ, ರುಜು ಬರೆಯಲು ಜಾಗವೇ ಇಲ್ಲ. ಎರಡು ಪುಟದ ಪುಸ್ತಕದಲ್ಲಿ ಮನೆಯ ಅಗಲ 7 ಮಿ.ಮೀ. ಇಟ್ಟರೂ 31ನೇ ತಾರೀಖು ದಾಟಿದ ಮೇಲೆ ಬಲಕ್ಕೆ 12 ಸೆಂ.ಮೀ. ಉಳಿಯುತ್ತದೆ. ದಿನ, ದರ, ಮುಂಗಡ, ಬಾಕಿ, ಸಹಿ ಎಲ್ಲಕ್ಕೂ ಅಲ್ಲಿ ಎಡೆಯಿದೆ.

ಈ ಅಳತೆಯಲ್ಲಿ 18 ಮತ್ತು 19ನೇ ತಾರೀಖು ಸರಿಯಾಗಿ ನಡುಮಡಿಕೆಗೆ ಬೀಳುತ್ತವೆ. ಹಾಗಾಗಿ ಕೊಳ್ಳುವಾಗ ಪುಸ್ತಕವನ್ನು ನಡುವೆ ತೆರೆದು ಮೇಜಿನ ಮೇಲೆ ಬಿಡಿ. ಮಡಿಕೆ ಮಡಿಕೆಯಾಗಿ ದಾರದಲ್ಲಿ ಹೊಲಿದದ್ದು ಚಪ್ಪಟೆಯಾಗಿ ಬೀಳುತ್ತದೆ. ಪಕ್ಕದಿಂದ ಪಿನ್ ಹೊಡೆದು ಗೋಂದು ಬಳಿದದ್ದು ಮತ್ತೆ ಮುಚ್ಚಿಕೊಳ್ಳುತ್ತದೆ, ಆ ಎರಡು ದಿನ ಹೊಟ್ಟೆಯೊಳಗೆ ಹೋಗುತ್ತವೆ. ಗುಮಾಸ್ತ ಅದನ್ನು ಒತ್ತಿ ಒತ್ತಿ ಬರೆದು ಪುಸ್ತಕದ ಬೆನ್ನು ಬಿರಿದು, ಹಾಳೆ ಕಳಚಿಕೊಳ್ಳುತ್ತದೆ. ಕಳಚಿದ ಹಾಳೆಯ ಹಾಜರಿಯನ್ನು ಜಗಳದ ದಿನ ಯಾರೂ ಒಪ್ಪುವುದಿಲ್ಲ. ಕಾಗದ 70 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಡಿಮೆ ಬೇಡ. ಹೆಬ್ಬೆಟ್ಟಿನ ಪ್ಯಾಡ್ ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದೆ. ಬೆವರು ಕೈಗೆ ಜೆಲ್ ಪೆನ್ನೂ ಆಗಿಬರುವುದಿಲ್ಲ, ಬಾಲ್‌ಪೆನ್ನೇ ಸರಿ.

ಮಾಲಿನ ನಿಜವಾದ ಕುಂದು ಇರುವುದು ಕಾಲಂಗಳ ತಲೆಬರಹದಲ್ಲಿ. ‘ಹಾಜರ್’ ಅರಬ್ಬಿ ಮೂಲದ ಮಾತು, ಎದುರಿಗೆ ಇರುವವನು ಎಂದರ್ಥ. ಪಾರಸಿ ದಾಟಿ ಕಚೇರಿಗಳ ಮೂಲಕ ನಮ್ಮಲ್ಲಿಗೆ ಬಂತು. ‘ಗೈರು’ ಕೂಡ ಅರಬ್ಬಿಯದೇ, ಅದನ್ನು ಅಲ್ಲಗಳೆಯುವ ಪದ. ‘ರಜಾ’ ಮಾತ್ರ ಬೇರೆ ಜಾತಿ. ಅರಬ್ಬಿಯ ‘ರಿಜಾ’ ಎಂದರೆ ಒಪ್ಪಿಗೆ. ಮರಾಠಿಯಲ್ಲಿ ಅದು ಅಪ್ಪಣೆಯೂ ಹೌದು, ಬಿಡುವೂ ಹೌದು. ಅಂದರೆ ಕೇಳಿ ಪಡೆದದ್ದು ರಜಾ, ಕೇಳದೆ ಉಳಿದದ್ದು ಗೈರು. ಅಚ್ಚಾದ ಬಹುಪಾಲು ಪುಸ್ತಕಗಳಲ್ಲಿ ಕೊನೆಗೆ ‘ಗೈರುಹಾಜರಿ’ ಎಂಬ ಒಂದೇ ಕಾಲಂ. ಹೇಳಿ ಊರಿಗೆ ಹೋದವನೂ ಹೇಳದೆ ನಾಪತ್ತೆಯಾದವನೂ ಅಲ್ಲಿ ಒಂದೇ ಲೆಕ್ಕ. ತಿಂಗಳ ಪಗಾರದವರಿಗೆ ರಜೆಗೆ ದುಡ್ಡು ಹಿಡಿಯುವುದಿಲ್ಲ, ಗೈರಿಗೆ ಹಿಡಿಯುತ್ತೇವೆ ಎಂಬ ಕರಾರಿರುವ ಕಡೆ ಬಟವಾಡೆ ಹೊತ್ತಿನ ಕಿರಿಕಿರಿ ಹುಟ್ಟುವುದೇ ಇಲ್ಲಿ. ಆ ಕಾಲಂ ಸೀಳಿ ಎರಡು ಮಾಡಿ. ಮನೆಯೊಳಗೆ ‘ಹಾ’, ‘ರ’, ‘ಗೈ’ ಎಂದು ಅಕ್ಷರದಲ್ಲೇ ಬರೆಯಿರಿ. ಟಿಕ್ ಗುರುತು ಬೇಡವೇ ಬೇಡ, ಖಾಲಿ ಮನೆಗೆ ಆಮೇಲೆ ಯಾರು ಬೇಕಾದರೂ ಅದನ್ನು ಎಳೆಯಬಹುದು.

(‘ಪಗಾರ’ ಪೋರ್ಚುಗೀಸರ ‘ಪಗಾರ್’, ಹಣ ಕೊಡು ಎಂಬ ಕ್ರಿಯಾಪದ. ‘ಸಂಬಳ’ ಸಂಸ್ಕೃತದ ಶಂಬಲ, ದಾರಿಬುತ್ತಿ. ಪುಸ್ತಕದ ಮೇಲೆ ಯಾವುದಿದ್ದರೂ ಲೆಕ್ಕ ಕೆಡುವುದಿಲ್ಲ.)

‘ಮಸ್ಟರ್’ ಎಂಬುದರ ಬೇರು ಲ್ಯಾಟಿನ್ನಿನಲ್ಲಿದೆ: ತೋರಿಸು ಎಂಬ ಅರ್ಥದ ಮಾತು. ಸೈನಿಕರನ್ನು ಸಾಲಾಗಿ ನಿಲ್ಲಿಸಿ ತೋರಿಸಿ, ತಲೆ ಎಣಿಸಿ ಸಂಬಳ ಕೊಡುತ್ತಿದ್ದರು. ಸತ್ತವರ ಹೆಸರು ಉಳಿಸಿಕೊಂಡು ದುಡ್ಡು ಎತ್ತುವ ದಂಧೆ ಯುರೋಪಿನ ಪಡೆಗಳಲ್ಲೇ ಇತ್ತು. ನಮ್ಮ ಬೋಗಸ್ ಹಾಜರಿಗೂ ಬೇಕಾಗುವುದು ಒಂದು ಖಾಲಿ ಸಾಲು, ಅಷ್ಟೆ. ಒಂದನೇ ತಾರೀಖು ಕೊನೆಯ ಹೆಸರಿನ ಕೆಳಗೆ ಅಡ್ಡಗೆರೆ ಎಳೆದು ಸಹಿ ಹಾಕಿ. ನಡುವೆ ಸೇರಿದವರು ಆ ಗೆರೆಯ ಕೆಳಗೆ, ಸೇರಿದ ತಾರೀಖಿನ ಸಮೇತ.

ಇನ್ನೊಂದು ಕೊರತೆ, 31 ಮನೆ ಒಂದೇ ಓಟ. ಇಲ್ಲಿ ಕೂಲಿ ವಾರಕ್ಕೊಮ್ಮೆ ಕೊಡುವವರೇ ಹೆಚ್ಚು, ವಾರದ ಒಟ್ಟಿಗೆ ಜಾಗವೇ ಇಲ್ಲ. ಶನಿವಾರ ಬಟವಾಡೆಯಾದರೆ ಪ್ರತಿ ಶನಿವಾರದ ಬಲಕ್ಕೆ ಕೆಂಪು ಗೆರೆ ಎಳೆಯಿರಿ. ಒಬ್ಬರಿಗೆ ಎರಡು ಸಾಲು ಬಿಡಿ: ಮೇಲಿನದರಲ್ಲಿ ಹಾಜರಿ, ಕೆಳಗಿನದರಲ್ಲಿ ಓಟಿ (ಹೆಚ್ಚುವರಿ ಕೆಲಸದ) ಗಂಟೆ, ಅಲ್ಲಿಯೇ ಕೆಂಪು ಗೆರೆಯ ಪಕ್ಕ ವಾರದ ಒಟ್ಟು. 30 ಸಾಲಿನ ಪುಟಕ್ಕೆ 15 ಜನ ಹಿಡಿಯುತ್ತಾರೆ. ಹೆಬ್ಬೆಟ್ಟಿಗೂ 8 ಮಿ.ಮೀ. ಸಾಲು ಸಾಲದು, ಎರಡು ಸಾಲು ಸೇರಿದರೆ ಗುರುತು ತಕ್ಕಮಟ್ಟಿಗೆ ಮೂಡುತ್ತದೆ. ಅರ್ಧ ದಿನಕ್ಕೆ ½ ಎಂದೇ ಬರೆಯಿರಿ, ಓರೆಗೆರೆ ಹಾಕಿದರೆ ಮರುದಿನ ಅದರ ಮೇಲೆ ಯಾರೋ ಇನ್ನೊಂದು ಗೆರೆ ಎಳೆದು ಅದು ಗುಣಾಕಾರ ಚಿಹ್ನೆಯಾಗಿರುತ್ತದೆ.

ಬೆರಳಚ್ಚು ಯಂತ್ರ ತಂದರೆ ಈ ರಗಳೆಯೇ ಇಲ್ಲ ಎನ್ನುವವರಿದ್ದಾರೆ. ಚೀಲ ಹೊತ್ತು, ಭಟ್ಟಿಯ ಮುಂದೆ ದುಡಿದು ಸವೆದ ಬೆರಳನ್ನು ಆ ಯಂತ್ರ ಎಷ್ಟೋ ಸಲ ಓದುವುದೇ ಇಲ್ಲ. ಪುಸ್ತಕ ಪಕ್ಕದಲ್ಲಿ ಇರಲೇಬೇಕಾಗುತ್ತದೆ.

ಒಟ್ಟಿನಲ್ಲಿ ದಾರದ ಹೊಲಿಗೆಯ 48 ಹಾಳೆಯ ಮಸ್ಟರ್ ರೋಲ್ ಕೊಂಡರೆ ಮೋಸವಿಲ್ಲ. 48 ಹಾಳೆ ಅಂದರೆ 96 ಪುಟ, ತಿಂಗಳಿಗೆ ಎರಡು. 15 ಜನರ ಘಟಕಕ್ಕೆ ಮೂರೂವರೆ ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ದೊಡ್ಡ ಘಟಕದವರು ತಮ್ಮ ಕಾಲಂ ತಾವೇ ಬರೆದುಕೊಟ್ಟು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುವುದು ಮೇಲು. ಯಾವುದೇ ಆಗಲಿ, ಬರೆಯಲು ಶುರುಮಾಡುವ ಮೊದಲು ಪುಟಸಂಖ್ಯೆ ಹಾಕಿ, ಒಟ್ಟು ಎಷ್ಟು ಪುಟ ಎಂದು ಮೊದಲ ಪುಟದಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ.